ಬೀಗರ ಕಾರಿಗೆ ಬೂದಿ ತಿಕ್ಕಿದ ಹಬ್ಬ

ಅದು ಹೋದ ವರ್ಷದ ದಸರೆಯ ಬನ್ನಿ ಹಬ್ಬ. ಹಬ್ಬಕ್ಕೆ ಎರಡು ದಿನ ಮೊದಲು ಹಳ್ಳಿಖೇಡದ ಶರಣಪ್ಪನವರು ತಮ್ಮ ಕರಿ ಕಾರನ್ನು ಬಸವಕಲ್ಯಾಣದ ನಮ್ಮ ಅಂಗಳದಲ್ಲಿ ಬಿಟ್ಟುಹೋದರು. ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ.

ಶರಣಪ್ಪನವರು ಯಾರೆಂದು ಮೊದಲು ಹೇಳಿಬಿಡುತ್ತೇನೆ. ನನ್ನ ನಾದಿನಿ ಸವಿತಾಳನ್ನು ಅವರ ಮಗ ಮಹೇಶನಿಗೆ ಕೊಡುವ ಮಾತು ನಡೆದಿತ್ತು. ಹುಡುಗ ಹುಡುಗಿ ಒಪ್ಪಿದ್ದರು, ನಿಶ್ಚಯವೊಂದು ಬಾಕಿ. ಸವಿತಾಗೆ ಇದಕ್ಕೆ ಮುಂಚೆ ಎರಡು ಸಂಬಂಧ ಕೈತಪ್ಪಿದ್ದವು. ಒಂದು ಕಡೆಯವರು ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ನಗುನಗುತ್ತಾ ಹೋದವರು ಮತ್ತೆ ಫೋನೇ ಎತ್ತಲಿಲ್ಲ. ಇನ್ನೊಂದು ಕಡೆಯವರು ಹುಡುಗಿಗೆ ಬಾಯಿ ಜಾಸ್ತಿ ಎಂದು ಯಾರ ಮುಂದೋ ಆಡಿದ್ದು ನಮ್ಮ ಕಿವಿಗೆ ಬಿತ್ತು. ಅವಳು ಆಡಿದ್ದಾದರೂ ಏನು? ಹುಡುಗ ಮೊದಲಿನ ಕೆಲಸ ಯಾಕೆ ಬಿಟ್ಟ ಎಂದು ಕೇಳಿದ್ದಳು, ಅಷ್ಟೇ. ಅಂದಿನಿಂದ ನಮ್ಮ ಅತ್ತೆ ಅವಳ ಬಾಯಿಗೆ ಹೊಲಿಗೆ ಹಾಕಿಬಿಟ್ಟಿದ್ದರು. ಶರಣಪ್ಪನವರು ಬಂದರೆ ಚಹಾ ಕೊಡಬೇಕು, ಕಾಲಿಗೆ ಬೀಳಬೇಕು, ಒಳಗೆ ಹೋಗಬೇಕು. ಮಹೇಶ ಅವಳಿಗೆ ಬಹಳ ಹಿಡಿಸಿದ್ದ. ಹಾಗಾಗಿ ಅವಳೂ ತುಟಿ ಪಿಟಕ್ಕೆನ್ನದೆ ಇದ್ದಳು.

ಶರಣಪ್ಪನವರು ಕಬ್ಬಿನ ಕುಳ. ಅಷ್ಟು ವರ್ಷ ಟ್ರ್ಯಾಕ್ಟರು, ಹಳೇ ಜೀಪು ಎಂದು ತಿರುಗಿದವರು, ಈಗ ಕಾರು ತೆಗೆದುಕೊಂಡಿದ್ದರು. ಅದರ ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಒಳಗೆ ಕೂರುವವರು ಚಪ್ಪಲಿ ಜಾಡಿಸಿಯೇ ಕಾಲಿಡಬೇಕು. ಬನ್ನಿ ಹಬ್ಬಕ್ಕೆ ಅವರು ಪ್ರತಿವರ್ಷ ಕಲಬುರಗಿಯ ಹಿರಿಮಗಳ ಮನೆಗೆ ಹೋಗುವುದು ರೂಢಿ. ಆ ಸಲ ಬಸವಕಲ್ಯಾಣದಲ್ಲಿರುವ ಅವರ ತಮ್ಮನ ಮಗನೂ ಜೀಪಿನಲ್ಲಿ ಅಲ್ಲಿಗೇ ಹೊರಟಿದ್ದ. ಇವರು ನಮ್ಮ ಮನೆಗೆ ಬಂದು ಕಾರು ನಿಲ್ಲಿಸಿ, ಅವನ ಜೀಪು ಹತ್ತಿದರು.

"ಕಲಬುರಗಿ ಬಜಾರದಾಗ ಗಾಡಿ ಹಚ್ಚಿದ್ರ ಯಾವನರೆ ಬಂದು ಗೀರು ಹಾಕಿ ಹೋಗ್ತಾನ್ರಿ. ನಿಮ್ಮ ಅಂಗಳದಾಗ ಇದ್ರ ನನಗ ನಿಶ್ಚಿಂತಿ," ಎಂದರು. ಕೀಲಿಯನ್ನು ನಮ್ಮವರ ಕೈಗೆ ಕೊಟ್ಟು ಇನ್ನೊಂದು ಮಾತು ಹೇಳಿದರು. "ಗಾಡಿಗಿ ಯಾರೂ ಕೈ ಹಚ್ಚಬ್ಯಾಡ್ರಿ. ಧೂಳು ಬಿದ್ರ ಬೀಳ್ಲಿ. ಹಬ್ಬದ ಮರುದಿನ ಸಂಜಿಗಿ ಬಂದು ನಾ ನೋಡ್ಕೋತೀನಿ."

ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕು? ಆದರೆ ನಮ್ಮ ಕಡೆ ಬೀಗತನದಲ್ಲಿ 'ಬೇಡ' ಎಂಬ ಮಾತಿಗೆ ಬೆಲೆಯೇ ಇಲ್ಲ. ಉಣ್ಣಲು ಕೂತ ಬೀಗರು ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದು 'ಸಾಕ್ರಿ' ಎಂದರೂ ಬೆರಳಿನ ಸಂದಿಯಿಂದ ತುಪ್ಪ ಸುರಿಯಬೇಕು. ಸುರಿಯದಿದ್ದರೆ ಹೆಣ್ಣಿನ ಕಡೆಯವರು ಕೈಬಿಗಿಯವರು ಎಂದು ಹೆಸರು ಬರುತ್ತದೆ. ಕೈ ಹಚ್ಚಬೇಡಿ ಎಂದಿದ್ದೂ ಇಂಥದ್ದೇ ಉಪಚಾರದ ಮಾತು ಎಂದು ನಮ್ಮ ಅತ್ತೆ ತಿಳಿದುಕೊಂಡರು.

ಮರುದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ನಮ್ಮವರು ಅಡತಿ ಅಂಗಡಿಯಲ್ಲಿ ತಕ್ಕಡಿಗೆ ಪೂಜೆ ಮಾಡಲು ಹೋಗಿದ್ದರು. ಸವಿತಾ ನನ್ನ ಹೊಲಿಗೆ ಮಷಿನ್ ಒರೆಸುತ್ತಿದ್ದಳು. ನಾನು ಒಲೆಯ ಮುಂದೆ ಹಬ್ಬದ ಕಡಬು ಕರಿಯುತ್ತಿದ್ದೆ. ಅಂಗಳದಿಂದ ಕರಕರ ಎಂದು ಸಪ್ಪಳ ಬರುತ್ತಿತ್ತು. ಅತ್ತೆ ಹಂಡೆ ತಿಕ್ಕುತ್ತಿದ್ದಾರೆ ಎಂದುಕೊಂಡೆ. ಆರತಿ ತಾಟು ಹಿಡಿದು ಹೊರಗೆ ಬಂದಾಗ ನೋಡುತ್ತೇನೆ, ಹಂಡೆ ಹಿತ್ತಲಲ್ಲೇ ಇತ್ತು.

ಬೇವಿನ ಮರದ ಕೆಳಗೆ ನಿಂತ ಕಾರಿನ ಮೇಲೆ ಕಾಗೆಗಳು ಗಲೀಜು ಮಾಡಿದ್ದವಂತೆ. ಬೀಗರ ಗಾಡಿಗೆ ಹೊಲಸು ಮುಖದಲ್ಲೇ ಪೂಜೆ ಮಾಡುವುದು ಅತ್ತೆಗೆ ಸರಿ ಕಾಣಲಿಲ್ಲ. ಮೊದಲು ಗಾಲಿಗಳಿಗೆ ನೀರು ಹಾಕಿ ಕಾಲು ತೊಳೆದಿದ್ದರು. ಆಮೇಲೆ ಹುಣಸೆಹಣ್ಣು, ಬೂದಿ ಮತ್ತು ತೆಂಗಿನ ನಾರು ತೆಗೆದುಕೊಂಡು ಬಾನೆಟ್ಟನ್ನು ಮನಸ್ಸಿಟ್ಟು ತಿಕ್ಕಿದ್ದರು. ಮೇಲೆ ವಿಭೂತಿಯ ಮೂರು ಪಟ್ಟಿ ಎಳೆದು, ಚೆಂಡುಹೂವಿನ ಮಾಲೆ ಹಾಕಿದ್ದರು. ನನ್ನನ್ನು ಕಂಡು ಬೆವರು ಒರೆಸಿಕೊಳ್ಳುತ್ತಾ ಹೇಳಿದರು.

"ನೋಡು ಶೋಭಾ, ಹ್ಯಾಂಗ ಬೆಳ್ಳಗಾಗ್ಯಾದ."

ಕರಿ ಕಾರು ಬೆಳ್ಳಗಾಗಿತ್ತು. ಬಿಸಿಲಿಗೆ ಬಾನೆಟ್ಟಿನ ತುಂಬ ಸುತ್ತುಸುತ್ತಾಗಿ ಗೀರುಗಳು ಹೊಳೆಯುತ್ತಿದ್ದವು. ಅತ್ತೆಯ ಮುಂದೆ ಏನೂ ಅನ್ನುವಂತಿಲ್ಲವಲ್ಲ, ಸುಮ್ಮನೆ ಆರತಿ ಬೆಳಗಿದೆ. ನನ್ನ ಹಿಂದೆ ಬಂದ ಸವಿತಾ ನೋಡಿ, ಕಟ್ಟೆಯ ಮೇಲೆ ಕುಸಿದು ಕೂತಳು.

"ವೈನಿ, ಇದೂ ಹೋಯ್ತು," ಎಂದಳು.

ಒದ್ದೆ ಬಟ್ಟೆಯಿಂದ ಒರೆಸಿದರೆ ಗೀರು ಮಾಯವಾಗಿ ಜೀವ ಬಂದಂತಾಗುತ್ತಿತ್ತು. ಒಣಗಿದ ಕೂಡಲೇ ಮತ್ತೆ ಹಾಜರು. ಎರಡು ಮೂರು ಸಲ ಒರೆಸಿದ ಮೇಲೆ ಅತ್ತೆಗೂ ತಿಳಿಯಿತು. ಅವತ್ತು ಅವರು ಉಣ್ಣಲಿಲ್ಲ. "ಬೀಗರ ಮರ್ಯಾದಿ ಮಾಡ್ಲಾಕ ಹೋಗಿ ಮಗಳ ಬಾಳೇ ತಿಕ್ಕಿ ಕುಂತೆನಲ್ಲ," ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನನಗೆ ಸಿಟ್ಟೆಲ್ಲ ಇಳಿದುಹೋಗಿ ಪಾಪ ಎನಿಸಿತು.

ನಮ್ಮವರು ಬಂದವರೇ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದರು. ಬಾನೆಟ್ಟು ಕನ್ನಡಿಯಾಯಿತು. ಸ್ವಲ್ಪ ಹೊತ್ತಿನಲ್ಲಿ ಬೀದಿಯ ಧೂಳೆಲ್ಲ ಬಂದು ಅದಕ್ಕೆ ಮೆತ್ತಿಕೊಂಡಿತು. ಆಮೇಲೆ ಫೋನು ಹಿಡಿದು ಕೂತರು. ಗೀರು ತೆಗೆಯುವ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡಿ, ಒಂದೇ ದಿನದಲ್ಲಿ ಆ ವಿದ್ಯೆಯಲ್ಲಿ ಪಂಡಿತರಾಗಿಬಿಟ್ಟರು. "ಒನ್ ಸ್ಟೆಪ್ ಅಂತ ಅದ. ಒಂದೇ ಪಾಲಿಶ್, ಒಂದೇ ಪ್ಯಾಡ್. ಒಮ್ಮೆ ಮಷಿನ್ ಆಡಿಸಿದ್ರ ಗೀರೂ ಹೋಗ್ತದ, ಹೊಳಪೂ ಬರ್ತದ," ಎಂದು ಧೈರ್ಯ ಹೇಳಿದರು. ಆ ಕೆಲಸ ಮಾಡುವವರು ಹುಮನಾಬಾದಿನ ಹೈವೇ ಮೇಲೆ ಖಲೀಲ್ ಭಾಯಿ ಎಂಬುವರು ಇದ್ದಾರೆಂದೂ, ಹಬ್ಬದ ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುತ್ತಾರೆಂದೂ ಪತ್ತೆ ಮಾಡಿದರು.

ಬನ್ನಿ ಹಬ್ಬದ ದಿನ ಮನೆಗೆ ಬನ್ನಿ ಕೊಡಲು ಬಂದವರ ಕಣ್ಣಿಗೆ ಬೀಳಬಾರದೆಂದು ಬಾನೆಟ್ಟಿಗೆ ನಮ್ಮ ದೊಡ್ಡ ಕೌದಿ ಹೊದಿಸಿದೆವು. "ಗಾಡಿಗಿ ಜ್ವರ ಬಂದಾವೇನ್ರಿ?" ಎಂದು ಪಕ್ಕದ ಮನೆಯವರು ಕೇಳಿದರು. ನಮ್ಮವರು ಬಿಸಿಲು ಎಂದರು, ನಾನು ಅದೇ ಉಸಿರಿನಲ್ಲಿ ಇಬ್ಬನಿ ಎಂದೆ.

ಮರುದಿನ ಬೆಳಿಗ್ಗೆ ನಾನು, ನಮ್ಮವರು ಇಬ್ಬರೇ ಹೋಗುವುದೆಂದಿತ್ತು. ಅತ್ತೆ ಮನೆಯಲ್ಲಿ ನಿಲ್ಲಲು ಒಪ್ಪಲಿಲ್ಲ. ಸವಿತಾ, "ಲಗ್ನ ನಂದು, ನಾನೂ ಬರ್ತೀನಿ," ಎಂದು ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. ನಿಶ್ಚಯಕ್ಕೂ ಮುಂಚೆ ಹುಡುಗಿ ಬೀಗರ ಗಾಡಿಯಲ್ಲಿ ಕೂತಿದ್ದು ಯಾರಾದರೂ ಕಂಡರೆ ಏನಂದಾರು ಎಂದು, ಊರು ದಾಟಿ ಹೈವೇ ಸಿಗುವತನಕ ಅತ್ತೆ ಅವಳ ತಲೆಯನ್ನು ತಮ್ಮ ತೊಡೆಯ ಮೇಲೆ ಒತ್ತಿ ಹಿಡಿದಿದ್ದರು.

ಖಲೀಲ್ ಭಾಯಿ ದಪ್ಪ ಆಳು, ಮಾತು ಅದಕ್ಕಿಂತ ದಪ್ಪ. ಹೈದರಾಬಾದಿನ ಯಾವ ಯಾವ ಶ್ರೀಮಂತರ ಕಾರು ತಮ್ಮ ಕೈಯಲ್ಲಿ ಹೊಳಪಾಗಿದೆ ಎಂದು ಹೇಳಿ ಮುಗಿಸಿದ ಮೇಲೆ, ಬ್ಯಾಟರಿ ಹಿಡಿದು ಬಾನೆಟ್ಟಿನ ಮೇಲೆ ಬಗ್ಗಿದರು.

"ಯಾ ಅಲ್ಲಾ. ಇದು ಯಾರ್ ಮಾಡ್ಯಾರ್ರಿ?"

ಅತ್ತೆ ಹೈವೇ ಮೇಲೆ ಹೋಗುವ ಲಾರಿಗಳನ್ನು ನೋಡತೊಡಗಿದರು. ನಮ್ಮವರು, "ಓಣ್ಯಾಗಿನ ಹುಡುಗ್ರು ಆಟ ಆಡ್ಯಾವ್ರಿ," ಎಂದರು.

ಖಲೀಲ್ ಭಾಯಿ ಬಾನೆಟ್ಟಿನ ಸಂದಿಗೆ ಬೆರಳು ಹಾಕಿ, ತೆಗೆದು ಮೂಸಿದರು. "ಹುಡುಗ್ರು ಹುಣಸಿಹಣ್ಣು ತಗೊಂಡು ಆಡಲ್ಲ ಸಾಹೇಬ್ರೆ," ಎಂದರು.

ತೊಳೆದು ಒರೆಸಿದ ಮೇಲೆ ಪ್ಯಾಡು, ಪಾಲಿಶ್ ಆರಿಸುವ ಕೆಲಸ ಬಂತು. ಟೇಬಲ್ಲಿನ ಮೇಲೆ ಸಾಲಾಗಿ ಪ್ಯಾಡುಗಳನ್ನು ಇಟ್ಟರು. ಕರಿ ಸ್ಪಂಜು, ಹಳದಿ ಸ್ಪಂಜು, ಬಿಳಿ ಉಣ್ಣೆಯದು. ಪಕ್ಕದಲ್ಲಿ ಪಾಲಿಶ್ ಬಾಟಲಿಗಳು. ನಮ್ಮವರು ಅಳಿಯನನ್ನು ಆರಿಸುವವರ ಗತ್ತಿನಲ್ಲಿ ಮುಂದೆ ಹೋಗಿ, ಉಣ್ಣೆಯ ಪ್ಯಾಡನ್ನೂ ಎಲ್ಲಕ್ಕಿಂತ ಖಡಕ್ ಪಾಲಿಶನ್ನೂ ಎತ್ತಿ ಕೊಟ್ಟರು.

"ಇದೇ ಹಚ್ರಿ. ಒಂದೇ ಏಟಿಗಿ ಕೆಲಸ ಮುಗೀಲಿ."

"ಸಬರ್ ಸಾಹೇಬ್ರೆ, ತಡೀರಿ," ಎಂದರು ಖಲೀಲ್ ಭಾಯಿ. "ಬಣ್ಣದ ಮ್ಯಾಲ ಗಾಜಿನಂಗ ಒಂದು ಪದರ ಇರ್ತದ. ಗೀರು ಬಿದ್ದಿದ್ದು ಅದಕ್ಕ. ಒಂದು ಕಂಪನಿದು ಗಟ್ಟಿ, ಇನ್ನೊಂದು ಕಂಪನಿದು ಮೆತ್ತಗ. ಹಚ್ಚಿ ನೋಡದ ಗೊತ್ತಾಗಲ್ಲ. ಮೆತ್ತಂದರಿಂದ ಶುರು ಮಾಡ್ಬೇಕು. ಖಡಕ್ ಮಾಲು ಗೀರು ತಿಂತದ, ಖರೆ ತನ್ನ ಗುರುತು ಬಿಟ್ಟು ಹೋಗ್ತದ. ಎರಡು ಸಲ ಮಾಡೋ ಕೆಲಸ ಆದ್ರ ಆ ಗುರುತು ಆಮ್ಯಾಲ ತೆಗೀಬಹುದು. ನೀವು ಸಂಜಿಗೇ ಬೇಕಂತೀರಿ. ಒಂದೇ ಸಲಕ್ಕ ಗೀರೂ ಹೋಗ್ಬೇಕು, ಹೊಳಪೂ ಬರ್ಬೇಕು. ಅಂಥ ಜೋಡಿ ಹುಡಕಬೇಕಲ್ಲ."

ಬಾನೆಟ್ಟಿನ ಮೇಲೆ ಕಾಗದದ ಟೇಪು ಅಂಟಿಸಿ ಮೂರು ಚೌಕ ಮಾಡಿದರು. ಮೊದಲನೆಯ ಚೌಕದಲ್ಲಿ ಕರಿ ಸ್ಪಂಜು, ನಯವಾದ ಪಾಲಿಶ್. ಮಷಿನ್ನು ನಿಧಾನವಾಗಿ ಆಡಿಸಿ ಒರೆಸಿದರೆ ಮುಖ ಕಾಣುವಷ್ಟು ಹೊಳಪು. ಗೀರೇ ಇಲ್ಲ. "ಮುಗೀತಲ್ರಿ," ಎಂದು ನಮ್ಮವರು ಚಪ್ಪಾಳೆ ತಟ್ಟಿದರು. ಖಲೀಲ್ ಭಾಯಿ ಅದರ ಮೇಲೆ ಸ್ಪಿರಿಟ್ಟಿನಂಥ ನೀರು ಸಿಂಪಡಿಸಿ ಒರೆಸಿದರು. ಪಾಲಿಶಿನ ಎಣ್ಣೆ ಹೋಯಿತು. ಅತ್ತೆಯ ಗೀರುಗಳು ಎದ್ದು ಕೂತವು.

ಎರಡನೆಯದಕ್ಕೆ ನಮ್ಮವರ ಸಮಾಧಾನಕ್ಕೆಂದು ಉಣ್ಣೆ ಮತ್ತು ಖಡಕ್ ಪಾಲಿಶ್. ಗೀರು ಪೂರ್ತಿ ಹೋಯಿತು. ಆದರೆ ಬಿಸಿಲಿಗೆ ಅಡ್ಡ ನಿಂತು ನೋಡಿದರೆ ಅಷ್ಟು ಜಾಗ ಮಂಜು ಕವಿದ ಹಾಗೆ ಮಸುಕು. ಮೂರನೆಯದಕ್ಕೆ ಹಳದಿ ಸ್ಪಂಜು, ನಡುತರದ ಪಾಲಿಶ್. ಇದರಲ್ಲಿ ಬಣ್ಣ ಕಪ್ಪಗೆ, ಆಳವಾಗಿ ಕಾಣಿಸಿತು. ಸಣ್ಣ ಗೀರೆಲ್ಲ ಹೋಗಿ, ನಾರು ಗಟ್ಟಿಯಾಗಿ ಕೂತ ಕಡೆ ಮಾತ್ರ ಒಂದೆರಡು ಗೆರೆ ಉಳಿದವು.

"ರೂಪಾಯ್ದಾಗ ಹದಿನಾಲ್ಕಾಣೆ ಹೋಯ್ತು," ಎಂದರು ಖಲೀಲ್ ಭಾಯಿ. "ಎರಡಾಣೆ ಇರ್ಲಿ. ಅದರ ಬೆನ್ನು ಹತ್ತಿದ್ರ ಮ್ಯಾಲಿನ ಪದರೇ ಸವೀತದ."

ನಮಗೆ ಹದಿನಾರಾಣೆಯೂ ಬೇಕಿತ್ತು. ಆ ಎರಡಾಣೆ ಶರಣಪ್ಪನವರ ಕಣ್ಣಿಗೆ ಬೀಳದೆ ಇರುತ್ತದೆಯೇ? ನಾವು ನಾಲ್ವರೂ ಆ ಮೂರು ಚೌಕಗಳ ಮೇಲೆ ಬಗ್ಗಿ, ಸೀರೆ ಅಂಗಡಿಯಲ್ಲಿ ಕೂತ ಹಾಗೆ ಇದು, ಅದು ಎನ್ನುತ್ತಿದ್ದೆವು. ಆಗ ಹಿಂದಿನಿಂದ ಒಂದು ದನಿ ಕೇಳಿಸಿತು.

"ಇದು ನಮ್ಮ ಗಾಡಿ ಅಲ್ಲೇನ್ರಿ?"

ಶರಣಪ್ಪನವರು. ಕಲಬುರಗಿಯಿಂದ ಸಂಜೆಗೆ ಬರಬೇಕಾದವರು ಮಧ್ಯಾಹ್ನವೇ ಬಂದಿದ್ದರು. ರಸ್ತೆಯಾಚೆ ಚಹಾ ಕುಡಿಯಲು ಜೀಪು ನಿಲ್ಲಿಸಿದಾಗ ತಮ್ಮ ನಂಬರ್ ಪ್ಲೇಟು ಕಂಡಿತ್ತು.

ಶರಣಪ್ಪನವರು ಟೇಪು ಅಂಟಿದ ಬಾನೆಟ್ಟು ನೋಡಿದರು, ನಮ್ಮನ್ನು ನೋಡಿದರು. ಹಬ್ಬದ ಮೇಲೆ ಮೊದಲ ಸಲ ಭೇಟಿಯಾದ ಹಿರಿಯರಿಗೆ ಬನ್ನಿ ಕೊಡಲೇಬೇಕು. ಅವರ ಕೈ ತಾನಾಗಿಯೇ ಜೇಬಿಗೆ ಹೋಗಿ, ಬಾಡಿದ ಬನ್ನಿ ಎಲೆ ತೆಗೆದು ಅತ್ತೆಗೆ ಕೊಟ್ಟಿತು. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಅಕ್ಕಾರ," ಎಂದರು. ಕಣ್ಣು ಮಾತ್ರ ಬಾನೆಟ್ಟಿನ ಮೇಲೇ ಇತ್ತು. ಸವಿತಾ ಅವರ ಕಾಲು ಮುಟ್ಟಿ ನಮಸ್ಕರಿಸಿ, ಗೋಡೆಯ ಕಡೆ ಸರಿದು ನಿಂತಳು. ಅಲ್ಲಿ ಒಳಗೆ ಹೋಗಲು ಅಡುಗೆಮನೆ ಇರಲಿಲ್ಲ.

ಅತ್ತೆ ಬನ್ನಿಯನ್ನು ಕಣ್ಣಿಗೊತ್ತಿಕೊಂಡರು. "ನಾನೇ ತಿಕ್ಕೀನ್ರಿ ಬೀಗರ. ಕಾಗಿ ಹೊಲಸು ಮಾಡಿದ್ವು. ಬೂದಿ ಹಚ್ಚಿ ಹಂಡೆ ತಿಕ್ಕಿದಂಗ ತಿಕ್ಕಿಬಿಟ್ಟೀನಿ," ಎಂದರು.

ಶರಣಪ್ಪನವರ ಮುಖ ಔಡಲೆಣ್ಣೆ ಕುಡಿದವರ ಹಾಗಾಯಿತು. ಆದರೂ ನಕ್ಕರು. "ಇರ್ಲಿ ಬಿಡ್ರಿ ಅಕ್ಕಾರ. ಗಾಡಿ ಅಂದಮ್ಯಾಲ ಗೀರು ಬೀಳಾವೇ. ಏನೂ ಆಗಿಲ್ಲ."

ಆ ನಗು ನನಗೆ ಗುರುತಿನದಾಗಿತ್ತು. ಮೊದಲಿನವರೂ ಹೀಗೇ ನಕ್ಕು ಹೋಗಿದ್ದರು. ಬೈದಿದ್ದರೆ ಬೇಕಾಗಿತ್ತು. 'ಇರ್ಲಿ ಬಿಡ್ರಿ' ಎಂದು ಹೋದವರ ಮನಸ್ಸು ತಿಳಿಯಲು ಯಾವ ದಾರಿಯೂ ಇಲ್ಲ.

ಖಲೀಲ್ ಭಾಯಿಗೆ ಇದೆಲ್ಲ ಏನು ಗೊತ್ತು? ಯಜಮಾನರೇ ಸಿಕ್ಕರಲ್ಲ ಎಂದು ಅವರಿಗೆ ಮೂರು ಚೌಕ ತೋರಿಸಿ, ಯಾವುದು ಹಚ್ಚಲಿ ಎಂದು ಕೇಳಿದರು. ಶರಣಪ್ಪನವರು, "ಅಕ್ಕಾರು ಹೇಳ್ಲಿ," ಎಂದರು. ಅತ್ತೆ, "ಛೇ, ನಿಮ್ಮ ಗಾಡಿ, ನೀವು ಹೇಳ್ರಿ," ಎಂದರು. "ನೀವು ಹಿರಿಯರದೀರಿ." "ಗಂಡಿನ ಕಡ್ಯಾವ್ರು ನೀವು." ಹೀಗೇ ನಡೆಯಿತು. ಖಲೀಲ್ ಭಾಯಿ ಮಷಿನ್ ಹಿಡಿದು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಾ ನಿಂತರು. ಕಡೆಗೆ ಅತ್ತೆ ಸೋತು, ಉಣ್ಣೆಯ ಪ್ಯಾಡನ್ನು ಸವರಿ ನೋಡಿದರು.

"ಇದೇ ಇರ್ಲಿ. ಕುರಿ ಉಣ್ಣಿ, ಕಂಬಳಿ ಇದ್ದಂಗ ಮೆತ್ತಗ ಅದ. ಗೀರೂ ಪೂರಾ ಹೋಗ್ಯಾವ."

ಶರಣಪ್ಪನವರ ಕಣ್ಣು ಆ ಮಸುಕು ಚೌಕದ ಮೇಲೆ ಹೋಯಿತು. ಅವರಿಗೆ ಕಂಡಿತು ಎಂದು ನನಗೂ ಗೊತ್ತಾಯಿತು. ಆದರೆ ಬೀಗಿತ್ತಿಯ ಮಾತು ತೆಗೆದುಹಾಕುವುದು ಹೇಗೆ? "ಹೌದ್ರಿ, ಛಲೋ ಅದ. ಅದೇ ಹಚ್ರಿ," ಎಂದರು. ನಮ್ಮವರಿಗಂತೂ ಅದು ಮೊದಲಿನಿಂದ ಮೆಚ್ಚಿದ ಪ್ಯಾಡು, ಅವರೂ ತಲೆ ಆಡಿಸಿದರು. ನನಗೆ ಎಲ್ಲ ಕಾಣುತ್ತಿತ್ತು. ನಾನು ಸೆರಗಿನ ತುದಿ ತಿರುವುತ್ತಾ ನಿಂತಿದ್ದೆ. ಖಲೀಲ್ ಭಾಯಿ ನಿಟ್ಟುಸಿರು ಬಿಟ್ಟು ಉಣ್ಣೆಯ ಪ್ಯಾಡನ್ನು ಮಷಿನ್ನಿಗೆ ಹಾಕಿದರು.

"ಮಾವಾರ, ಉಣ್ಣಿದು ಬ್ಯಾಡ್ರಿ."

ಗೋಡೆಯ ಕಡೆಯಿಂದ ಸವಿತಾ. ಅತ್ತೆ ಕಣ್ಣು ದೊಡ್ಡದು ಮಾಡಿದರು. ಅವಳು ಆ ಕಡೆ ನೋಡಲೇ ಇಲ್ಲ.

"ಅದು ಗೀರು ತೆಗೀತದ, ಗಾಡಿ ತುಂಬ ಮಸುಕು ಬಿಡ್ತದ. ನಿಮಗೂ ಕಂಡಾದ, ಅವ್ವನ ಮಾತಿಗಿ ಹ್ಞೂಂ ಅಂದೀರಿ. ಹಳದಿದು ಹಚ್ಚಸ್ರಿ. ಎರಡು ಗೀರು ಉಳೀತಾವ, ಉಳೀಲಿ." ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮತ್ತ ನಿಮಗ ಸಿಟ್ಟು ಬಂದಾದ, ಮಾವಾರ. ಬಂದಿದ್ರ ಇಲ್ಲೇ ಬೈಯ್ರಿ. ನಕ್ಕೋತ ಹೋಗಿ ಆಮ್ಯಾಲ ಫೋನ್ ಎತ್ತದಂಗ ಮಾಡಬ್ಯಾಡ್ರಿ."

ಅಷ್ಟೇ, ಮುಗಿಯಿತು ಎಂದುಕೊಂಡೆ. ಶರಣಪ್ಪನವರು ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು ಜಾಡಿಸಿ, ಬೈಯಲು ಶುರು ಮಾಡಿದರು.

"ಕೈ ಹಚ್ಚಬ್ಯಾಡ್ರಿ ಅಂತ ಬಿಡಿಸಿ ಹೇಳಿದ್ನೋ ಇಲ್ಲೋ? ಕನ್ನಡದಾಗೇ ಹೇಳಿದ್ನಲ್ಲ? ನನ್ನ ಹೊಸಾ ಗಾಡಿ ಏನು ನಿಮ್ಮ ಹಿತ್ತಲದಾಗಿನ ಹಂಡೆ ಏನ್ರಿ?" ಅಲ್ಲಿಂದ ನಮ್ಮವರ ಕಡೆ ತಿರುಗಿ, ಕೀಲಿ ಕೊಟ್ಟಿದ್ದು ಕಾಯಲಿಕ್ಕೋ ಮೆರೆಸಲಿಕ್ಕೋ ಎಂದು ಕೇಳಿದರು. ಬೂದಿಯನ್ನು ಬೈದರು, ಕಾಗೆಗಳನ್ನು ಬೈದರು. ಚಹಾದ ಅಂಗಡಿಯವರು ಬಂದು ನಿಂತು ನೋಡಿದರು. ಇನ್ನೊಂದು ಕಡೆ, ಬೈಗುಳ ಬಿದ್ದಷ್ಟೂ ನಮ್ಮ ಅತ್ತೆಯ ಮುಖಕ್ಕೆ ಜೀವ ಬರುತ್ತಿತ್ತು. ಕಾಗೆಯ ಮಾತು ಬಂದಾಗ ಅವರೂ ಬಿಡಲಿಲ್ಲ.

"ಬೇವಿನ ಗಿಡದ ಬುಡಕ ತಂದು ಹಚ್ಚಿದಾವ್ರು ಯಾರ್ರಿ? ನೀವೇ. ನೆಳ್ಳು ಬೇಕಂತ ಹಚ್ಚೀರಿ. ಕಾಗಿಗೇನು ಬೀಗರ ಗಾಡಿ ಅಂತ ಗೊತ್ತಿರ್ತದೇನು?"

"ನೀರು ಹಾಕಿದ್ರ ಸಾಕಿತ್ತಲ್ರಿ ಅಕ್ಕಾರ."

"ನೀರು ಹಾಕಿದ್ರ ಬೀಗತನ ಮಾಡಿದಂಗ ಆಗ್ತದೇನ್ರಿ?"

ಇಷ್ಟಕ್ಕೆ ಶರಣಪ್ಪನವರಿಗೆ ನಗು ಬಂತು. ಈ ಸಲದ ನಗು ಬೇರೆ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಒಂದು ಸ್ಟೂಲು ಎಳೆದು ಕೂತರು. ಅಲ್ಲಿಯತನಕ ಅವರ ಬಾಯಲ್ಲಿ ಸವಿತಾ ಎಂದರೆ 'ನಿಮ್ಮ ಹುಡುಗಿ'. ಖಲೀಲ್ ಭಾಯಿಯ ಕಡೆ ತಿರುಗಿ ಹೇಳಿದರು.

"ಉಣ್ಣಿದು ತೆಗೀರಿ. ನಮ್ಮ ಸೊಸಿ ಹೇಳಿದ್ದು ಹಚ್ರಿ."

ಸವಿತಾ ಗೋಡೆಗೆ ಮುಖ ಮಾಡಿ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ಖಲೀಲ್ ಭಾಯಿ ಹಳದಿ ಸ್ಪಂಜು ಹಾಕಿ ಮಷಿನ್ ಶುರು ಮಾಡಿದರು. ಸಂಜೆಯ ಹೊತ್ತಿಗೆ ಬಾನೆಟ್ಟು ಎಷ್ಟು ಕಪ್ಪಗೆ ಹೊಳೆಯಿತೆಂದರೆ, ಪಕ್ಕದಲ್ಲಿ ಬಾಗಿಲುಗಳು ಹಳೆಯವು ಎನಿಸತೊಡಗಿದವು. ಶರಣಪ್ಪನವರು ಅದನ್ನು ಕಂಡು ಗೊಣಗಿದರು. ಮುಚ್ಚಿಟ್ಟುಕೊಳ್ಳಲಿಲ್ಲ, ನಮ್ಮೆದುರಿಗೇ ಗೊಣಗಿದರು. ನಮಗೆ ಅದೇ ದೊಡ್ಡ ನೆಮ್ಮದಿ. ದೀಪಾವಳಿ ಕಳೆದು ನಿಶ್ಚಯವಾಯಿತು, ಆಮೇಲೆ ಲಗ್ನವೂ ಆಯಿತು.

ಈಗ ಸವಿತಾ ಹಳ್ಳಿಖೇಡದಲ್ಲಿದ್ದಾಳೆ. ಮಾವನೂ ಸೊಸೆಯೂ ದಿನಾ ಒಂದಲ್ಲ ಒಂದಕ್ಕೆ ಜಗಳ ಆಡುತ್ತಾರಂತೆ, ಹೊಲದ ವಿಷಯಕ್ಕೂ ಅವಳನ್ನು ಕೇಳುತ್ತಾರಂತೆ. ಕೇಳಿದಾಗ ಸಂತೋಷವಾಗುತ್ತದೆ. ನಿಜ ಹೇಳಬೇಕೆಂದರೆ, ಸಂತೋಷದ ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಆ ಮಧ್ಯಾಹ್ನ ಹುಮನಾಬಾದಿನಲ್ಲಿ ಉಣ್ಣೆಯ ಪ್ಯಾಡು ಬೇಡವೆಂದು ನನಗೂ ಗೊತ್ತಿತ್ತು. ನಾನು ಈ ಮನೆಗೆ ಬಂದಾಗಿನಿಂದ ಹಿರಿಯರ ಮುಂದೆ ಆಡಬೇಕಾದ 'ಬೇಡ'ಗಳು ಇನ್ನೂ ನನ್ನ ಗಂಟಲಲ್ಲೇ ಇವೆ.